‘ಮುಟ್ಟಬೇಡಿ’ ಎಂಬ ಫಲಕದ ಎದುರು

ಮೇಷ್ಟ್ರು: ನೋಡಮ್ಮ, ನನ್ನ ತಕರಾರನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ಹೊಸ ಮ್ಯೂಸಿಯಂ ಕಟ್ಟಲಿ, ಹಳೆಯ ಸ್ಮಾರಕಕ್ಕೆ ಹೊಸ ಬೇಲಿ ಹಾಕಲಿ, ಯೋಜನೆಯಲ್ಲಿ ಒಂದು ‘ಡಿಜಿಟಲ್ ಅನುಭವ’ ಇರಲೇಬೇಕು ಎಂದಾಗಿದೆ. ಒಂದು ಕತ್ತಲ ಕೋಣೆ, ನಾಲ್ಕು ಗೋಡೆಗೂ ಪ್ರೊಜೆಕ್ಟರು, ಎದೆಗೆ ಗುದ್ದುವಂಥ ಸಂಗೀತ, ಇಲ್ಲವೇ ತಲೆಗೆ ಕಟ್ಟಿಕೊಳ್ಳುವ ವಿಆರ್ ಕನ್ನಡಕ. ಒಳಗೆ ಹೋದವರು ಬೆರಗಾಗಿಯೇ ಹೊರಗೆ ಬರುತ್ತಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಬೆರಗು ಯಾವುದರ ಬಗ್ಗೆ? ಹೊರಗೆ ಬಿಸಿಲಿನಲ್ಲಿ ನಿಂತ ವೀರಗಲ್ಲಿನ ಬಗ್ಗೆ ಅಲ್ಲ. ಅದರ ಮುಂದೆ ಅವರು ಅರೆನಿಮಿಷವೂ ನಿಲ್ಲುವುದಿಲ್ಲ. ಪರದೆಯ ಮೇಲೆ ಕುದುರೆ ಓಡಿದ್ದನ್ನು ಕಂಡ ಕಣ್ಣಿಗೆ ಕಲ್ಲಿನ ಕುದುರೆ ಸಪ್ಪೆ ಎನಿಸುತ್ತದೆ. ಮ್ಯೂಸಿಯಂ ಎಂದರೆ ವಸ್ತುವಿನ ಎದುರು ನಿಂತು ಅದಕ್ಕೆ ಸಮಯ ಕೊಡುವ ಜಾಗ ಎಂದು ನಾನು ನಂಬಿದವನು. ಹಣ ಸುರಿದು, ಆ ಸಮಯವನ್ನೇ ವಸ್ತುವಿನಿಂದ ಕಿತ್ತು ಯಂತ್ರಕ್ಕೆ ಕೊಡುತ್ತಿದ್ದೇವೆ ಎಂಬುದು ನನ್ನ ಸಂಕಟ.

ಶಿಷ್ಯೆ: ಮೇಷ್ಟ್ರೇ, ಆ ಕತ್ತಲ ಕೋಣೆಯ ಪರವಾಗಿ ನಾನೂ ಮಾತಾಡುವುದಿಲ್ಲ. ಆದರೆ ಪರದೆ ಬರುವ ಮೊದಲು ನೋಡುವವರಿಗೂ ವಸ್ತುವಿಗೂ ನಡುವೆ ಏನೂ ಇರಲಿಲ್ಲ ಎಂಬಂತೆ ಹೇಳಿದಿರಿ, ಅದನ್ನು ಒಪ್ಪಲಾರೆ. ಗಾಜು ಇತ್ತು, ಹಗ್ಗ ಇತ್ತು, ‘ಮುಟ್ಟಬೇಡಿ’ ಎಂಬ ಫಲಕ ಇತ್ತು. ಆ ಫಲಕ ಬೇಕೇ ಬೇಕು, ಅದಿಲ್ಲದಿದ್ದರೆ ಎಷ್ಟೋ ವಸ್ತುಗಳು ನಮ್ಮ ಕಾಲದವರೆಗೆ ಉಳಿಯುತ್ತಿರಲಿಲ್ಲ. ಆದರೂ ಅದು ಏನನ್ನು ಕಾಪಾಡಿತು, ಅದಕ್ಕಾಗಿ ನಾವು ಏನನ್ನು ಬಿಟ್ಟುಕೊಟ್ಟೆವು ಎಂದು ನೋಡಬೇಕಲ್ಲವೇ? ರಾಗಿಕಲ್ಲು ಆದದ್ದು ಬೀಸುವುದಕ್ಕೆ, ಸೇರು ಪಾವು ಆದದ್ದು ಅಳೆಯುವುದಕ್ಕೆ, ತಾಳೆಗರಿಯ ಕಟ್ಟು ಆದದ್ದು ದಾರ ಬಿಚ್ಚಿ ಒಂದೊಂದೇ ಗರಿ ಮಗುಚಿ ಓದುವುದಕ್ಕೆ. ಗಾಜಿನ ಹಿಂದೆ ಇಟ್ಟ ದಿನ ಅವುಗಳ ಆಕಾರ ಉಳಿಯಿತು, ಅವುಗಳ ಜೊತೆ ಮನುಷ್ಯರ ಕೈ ಮಾಡುತ್ತಿದ್ದ ಕೆಲಸ ಹೋಯಿತು. ‘ಬೀಸುವ ಕಲ್ಲು, 19ನೇ ಶತಮಾನ’ ಎಂಬ ಚೀಟಿ ಆ ಕೆಲಸವನ್ನು ಹೇಳುವುದೇ ಇಲ್ಲ. ನನ್ನ ವಾದ ಇಷ್ಟೇ: ಡಿಜಿಟಲ್ ವಿನ್ಯಾಸ ಎಂಬುದೊಂದು ಮ್ಯೂಸಿಯಂಗೆ ಬೇಕಾಗಿದ್ದರೆ, ಅದು ಹೀಗೆ ಕಳೆದುಹೋದ ಕೈಕೆಲಸವನ್ನು ಮೂಲವಸ್ತುವಿಗೆ ನೋವಾಗದಂತೆ ಹಿಂದಕ್ಕೆ ಕೊಡುವುದಕ್ಕೆ ಬೇಕು. ಎಲ್ಲಿ ಏನೂ ಕಳೆದಿಲ್ಲವೋ ಅಲ್ಲಿ ಅದರ ಅಗತ್ಯವಿಲ್ಲ. ಯಾವ ಯಂತ್ರ ತರೋಣ ಎಂಬಲ್ಲಿಂದ ಶುರುಮಾಡಿದವರು ನಿಮ್ಮ ಕತ್ತಲ ಕೋಣೆಗೇ ಹೋಗಿ ಮುಟ್ಟುತ್ತಾರೆ. ಈ ವಸ್ತುವಿನ ಜೊತೆ ಜನ ಏನು ಮಾಡುತ್ತಿದ್ದರು ಎಂಬಲ್ಲಿಂದ ಶುರುಮಾಡಬೇಕು.

ಮೇಷ್ಟ್ರು: ಮಾತು ಚೆನ್ನಾಗಿದೆ. ಆದರೆ ರಾಗಿಕಲ್ಲಿಗೆ ಡಿಜಿಟಲ್ ಯಾಕೆ? ಇನ್ನೊಂದು ರಾಗಿಕಲ್ಲು ತಂದು ಪಕ್ಕದಲ್ಲಿಟ್ಟು ಬೀಸಿ ನೋಡಿ ಎಂದರೆ ಮುಗಿಯಿತು.

ಶಿಷ್ಯೆ: ಹೌದು, ರಾಗಿಕಲ್ಲಿಗೆ ಅಷ್ಟೇ ಸಾಕು. ಅಷ್ಟೇ ಮಾಡಬೇಕು ಕೂಡ. ಆದರೆ ಹಂಪಿಯ ವಿಜಯವಿಠ್ಠಲ ದೇವಸ್ಥಾನವನ್ನು ತೆಗೆದುಕೊಳ್ಳಿ. ಅಲ್ಲಿನ ಮಂಟಪದ 56 ಕಂಬಗಳು ಜಗತ್ತಿಗೇ ಗೊತ್ತು. ದೊಡ್ಡ ಕಂಬವನ್ನು ಸುತ್ತುವರಿದ ಸಣ್ಣ ಕಂಬಗಳ ಗೊಂಚಲನ್ನು ಒಂದೇ ಬಂಡೆಯಲ್ಲಿ ಕಡೆದಿದ್ದಾರೆ, ಆ ಸಣ್ಣ ಕಂಬಕ್ಕೆ ಬೆರಳಿನಿಂದ ತಟ್ಟಿದರೆ ನಾದ ಹೊಮ್ಮುತ್ತದೆ. ತಲೆಮಾರುಗಳ ಕಾಲ ಬಂದವರೆಲ್ಲ ತಟ್ಟಿದರು, ಕಲ್ಲಿಗೆ ಅಪಾಯವೆಂದು ಈಗ ತಟ್ಟುವುದನ್ನು ನಿಲ್ಲಿಸಿದ್ದಾರೆ. ನಿಷೇಧ ಸರಿಯಾದದ್ದೇ. ಆದರೆ ಅದರಿಂದಾಗಿ ಇವತ್ತು ಅಲ್ಲಿಗೆ ಹೋದವರಿಗೆ ಸಿಗುವುದು ‘ಇವು ಸಂಗೀತದ ಕಂಬಗಳು’ ಎಂಬ ಮಾತು, ಮತ್ತು ಕಂಬದೊಳಗೆ ಟೊಳ್ಳಿದೆ ಎಂಬಂಥ ಕಥೆಗಳು. ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಈ ಕಂಬಗಳಿಗೆ ಪೆಟ್ಟಾಗದಂಥ ವಿಧಾನಗಳಲ್ಲಿ ಪರೀಕ್ಷೆ ನಡೆಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಂಬಗಳೊಳಗೆ ಟೊಳ್ಳಿಲ್ಲ, ಎಲ್ಲವೂ ಗಟ್ಟಿ ಕಲ್ಲೇ. ತಟ್ಟಿದಾಗ ಕಂಬ ಕಣ್ಣಿಗೆ ಕಾಣದಷ್ಟು ಬಾಗಿ ಮರಳುತ್ತದೆ, ಆ ಕಂಪನವೇ ನಾದ. ಕಂಬದ ಉದ್ದ, ದಪ್ಪ, ಕಲ್ಲಿನ ಬಿಗಿ ಸೇರಿ ಸ್ವರವನ್ನು ನಿರ್ಧರಿಸುತ್ತವೆ. ಗ್ರಾನೈಟಿನಂಥ ಕಲ್ಲು ಬೆರಳ ಪೆಟ್ಟಿಗೆ ಬಳುಕುತ್ತದೆ ಎಂಬುದು ಎಂಥ ಸಂಗತಿ! ಅದನ್ನು ಅರಿತು, ಅಳತೆ ಹಿಡಿದು ಕಡೆದ ಶಿಲ್ಪಿಯ ಜಾಣ್ಮೆ ಎಂಥದ್ದು! ಅದೆಲ್ಲ ಸಂಶೋಧನಾ ಪತ್ರಿಕೆಯೊಳಗೇ ಉಳಿದಿದೆ, ಮಂಟಪದ ಮುಂದೆ ನಿಂತವರಿಗೆ ಸಿಗುವುದು ಟೊಳ್ಳಿನ ಕಥೆ. ಪ್ರಾಕಾರದ ಹೊರಗೆ, ಸಾಕಷ್ಟು ದೂರದಲ್ಲಿ, ಅಂಥದೇ ಕಲ್ಲಿನಲ್ಲಿ ಇಂದಿನ ಶಿಲ್ಪಿಗಳಿಂದ ಒಂದು ಗೊಂಚಲು ಕಡೆಸಿ ನಿಲ್ಲಿಸಿದರೆ, ಬಂದವರು ತಟ್ಟಬಹುದು. ಆ ಕಂಬದ ನೆತ್ತಿಯಲ್ಲಿ ಒಂದು ಸಣ್ಣ ಸೆನ್ಸರ್ ಇಟ್ಟು, ಕಂಬ ಬಾಗುವುದನ್ನು ಸಾವಿರಾರು ಪಟ್ಟು ಹಿಗ್ಗಿಸಿ ಪಕ್ಕದ ಗೋಡೆಯ ಮೇಲೆ ಬೆಳಕಿನ ಗೆರೆಯಾಗಿ ತೋರಿಸಿದರೆ, ಕಿವಿ ಕೇಳಿದ್ದನ್ನು ಕಣ್ಣು ಕಾಣುತ್ತದೆ. ಡಿಜಿಟಲ್ಲಿನ ಪಾಲು ಅಷ್ಟೇ. ಕಲ್ಲಿನ ತಂಪು, ಬೆರಳಿಗೆ ಬರುವ ಅದುರು, ನಾದ, ಮೂರನ್ನೂ ಕಲ್ಲೇ ಕೊಡುತ್ತದೆ. ಹಾಗೆ ತಟ್ಟಿ ಬಂದವರು ಒಳಗೆ ಹೋದರೆ ಮೂಲದ ಕಂಬಗಳ ದಪ್ಪ ತೆಳುವನ್ನು ನೋಡುವ ಬಗೆಯೇ ಬೇರೆಯಾಗುತ್ತದೆ.

ಮೇಷ್ಟ್ರು: ಹೊಸ ಕಂಬದ ನಾದ ವಿಜಯನಗರದ ಕಂಬದ ನಾದವಲ್ಲ. ಕಲ್ಲಿನಿಂದ ಕಲ್ಲಿಗೆ ಒಳಗಿನ ಬಿರುಕು ಬೇರೆ, ಕಣದ ಜೋಡಣೆ ಬೇರೆ. ನೀನು ಕೊಡುವುದು ನಕಲು. ನಕಲಿಗೆ ಒಗ್ಗಿದ ಜನ ಅಸಲಿನ ಮುಂದೆ ನಿಂತಾಗ ವ್ಯತ್ಯಾಸವೇ ತಿಳಿಯದಂತಾದರೆ? ಇದು ಸಣ್ಣ ಆಕ್ಷೇಪವಲ್ಲ. ಅಸಲಿಗೆ ಇರುವ ಬೆಲೆ ಅದು ಕಾಲವನ್ನು ದಾಟಿ ಬಂದಿದೆ ಎಂಬುದರಲ್ಲಿದೆ. ಆ ದಾಟುವಿಕೆಯನ್ನು ಯಾರೂ ಕಡೆದು ನಿಲ್ಲಿಸಲಾರರು.

ಶಿಷ್ಯೆ: ಖಂಡಿತ ಕಡೆದು ನಿಲ್ಲಿಸಲಾರರು, ಹಾಗೆ ನಟಿಸಲೂಬಾರದು. ಹೊಸ ಕಂಬದ ಮೇಲೆ ಅದನ್ನು ಕಡೆದ ವರ್ಷವನ್ನು ಕೆತ್ತಿಸಬೇಕು. ಆದರೆ ನಕಲು ಅಸಲನ್ನು ಅಗ್ಗ ಮಾಡುತ್ತದೆ ಎಂಬ ಭಯಕ್ಕೆ ಫ್ರಾನ್ಸಿನ ಲಾಸ್ಕೋ ಗುಹೆ ಒಂದು ಉತ್ತರ ಕೊಡುತ್ತದೆ. 1940ರಲ್ಲಿ ಸಿಕ್ಕಿದ ಆ ಆದಿಮ ಚಿತ್ರಗಳ ಗುಹೆಯನ್ನು 1948ರಲ್ಲಿ ಜನರಿಗೆ ತೆರೆದರು. ದಿನಕ್ಕೆ ಸಾವಿರಕ್ಕೂ ಹೆಚ್ಚು ಜನರ ಉಸಿರು, ಬೆವರು, ದೀಪದ ಬೆಳಕು ಸೇರಿ ಗೋಡೆಗೆ ಪಾಚಿ ಹತ್ತಿತು. 1963ರಲ್ಲಿ ಬಾಗಿಲು ಹಾಕಬೇಕಾಯಿತು. ಜನ ಅಸಲನ್ನೇ ನೋಡಿದ 15 ವರ್ಷಗಳಲ್ಲಿ, ಸಾವಿರಾರು ವರ್ಷ ಉಳಿದದ್ದು ಅಪಾಯಕ್ಕೆ ಬಂತು. 1983ರಲ್ಲಿ ಪಕ್ಕದಲ್ಲೇ ಒಂದು ಭಾಗದ ಪ್ರತಿಕೃತಿ ತೆರೆಯಿತು, 2016ರಲ್ಲಿ ಪೂರ್ಣ ಗುಹೆಯ ಪ್ರತಿಕೃತಿ ಬಂತು. ಆ ಎರಡನೆಯದನ್ನು ಮಾಡಿದ ಕ್ರಮ ಗಮನಿಸಬೇಕಾದದ್ದು. ಗೋಡೆಯ ಉಬ್ಬುತಗ್ಗುಗಳನ್ನು ಲೇಸರ್ ಸ್ಕ್ಯಾನ್ ಮಾಡಿ ತೆಗೆದು, ಆ ಗೋಡೆಯ ಮೇಲೆ ಕಲಾವಿದರು ಕೈಯಿಂದಲೇ ಬಣ್ಣ ಹಚ್ಚಿದರು. ಯಾಕೆಂದರೆ ಆ ಆದಿಮ ಚಿತ್ರಕಾರರು ಬಂಡೆಯ ಉಬ್ಬನ್ನೇ ಕಾಡೆತ್ತಿನ ಹೊಟ್ಟೆಯನ್ನಾಗಿ, ಭುಜವನ್ನಾಗಿ ಬಳಸಿಕೊಂಡವರು. ಚಪ್ಪಟೆ ಪರದೆಯ ಮೇಲೆ ಆ ಚಿತ್ರದ ಬಣ್ಣ ಬರುತ್ತದೆ, ಆ ಯೋಚನೆ ಬರುವುದಿಲ್ಲ. ನೋಡುವವರು ಗುಹೆಯಲ್ಲಿ ನಡೆದು, ತಲೆಯೆತ್ತಿ, ಬಾಗಿ ನೋಡಿದರೆ ಮಾತ್ರ ಅದು ತಿಳಿಯುತ್ತದೆ. ಒಳ್ಳೆಯ ಪ್ರತಿಕೃತಿ ಹಾಗೆ ಮೈಯನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುತ್ತದೆ. ನ್ಯೂಯಾರ್ಕಿನ ಕೂಪರ್ ಹ್ಯೂವಿಟ್ ವಿನ್ಯಾಸ ಮ್ಯೂಸಿಯಂ 2014ರ ಕೊನೆಯಲ್ಲಿ ಮತ್ತೆ ತೆರೆದಾಗ ಒಂದು ಕೋಣೆಯನ್ನು ಹೀಗೇ ಮಾಡಿತು. ಅವರ ಬಳಿ ಹಳೆಯ ಗೋಡೆಕಾಗದಗಳ ಸಾವಿರಾರು ತುಣುಕುಗಳಿವೆ. ಗೋಡೆ ತುಂಬ ಹರಡುವುದಕ್ಕೆ ಹುಟ್ಟಿದ ವಿನ್ಯಾಸ ಡ್ರಾಯರಿನೊಳಗೆ ಅಂಗೈಯಗಲದ ತುಣುಕಾಗಿ ಉಳಿದಿತ್ತು. ಆ ಕೋಣೆಯಲ್ಲಿ ಮೇಜಿನ ಮೇಲೆ ಒಂದನ್ನು ಆರಿಸಿದರೆ ಅದು ಗೋಡೆಗಳ ತುಂಬ ನಿಜವಾದ ಅಳತೆಯಲ್ಲಿ ಹರಡುತ್ತದೆ. ನೀವು ದೂರಿದ ಪ್ರೊಜೆಕ್ಟರೇ ಅದು. ಆದರೆ ಗೋಡೆಕಾಗದ ಕಳೆದುಕೊಂಡಿದ್ದು ಗೋಡೆಯನ್ನೇ ಆದ್ದರಿಂದ ಅಲ್ಲಿ ಪ್ರೊಜೆಕ್ಟರಿಗೆ ಅರ್ಥವಿದೆ.

ಮೇಷ್ಟ್ರು: ಗೋಡೆಕಾಗದದ ಮಾತು ಒಪ್ಪಿದೆ. ಆದರೆ ನೀನು ನಿನಗೆ ಅನುಕೂಲವಾದ ಉದಾಹರಣೆಗಳನ್ನೇ ಆರಿಸುತ್ತಿದ್ದೀಯ ಎನಿಸುತ್ತಿದೆ. ಕೈಗೊಂದು ವಸ್ತು ಕೊಟ್ಟ ಮಾತ್ರಕ್ಕೆ ಅದು ಪರದೆಗಿಂತ ಮೇಲಾಗಿಬಿಡುತ್ತದೆಯೇ? ಅದೂ ಒಂದು ಗುಂಡಿಯೇ ಆಗಬಹುದು. ಗುಂಡಿಗೆ ಬೇರೆ ವೇಷ, ಅಷ್ಟೇ.

ಶಿಷ್ಯೆ: ಅದು ನಿಜವಾದ ಅಪಾಯ. ಈ ಕ್ಷೇತ್ರದಲ್ಲಿ ಬಹಳಷ್ಟು ಕೆಲಸ ಅಲ್ಲೇ ನಿಂತಿದೆ ಎಂಬುದೂ ನನ್ನ ಅಭಿಪ್ರಾಯ. ಒಂದೇ ವಿಶ್ವವಿದ್ಯಾಲಯದ ಎರಡು ಕೆಲಸಗಳನ್ನು ಹೋಲಿಸುತ್ತೇನೆ. 2013ರಿಂದ ಕೆಲವು ವರ್ಷ ಯುರೋಪಿನಲ್ಲಿ ‘ಮೆಶ್’ ಎಂಬ ಯೋಜನೆ ನಡೆಯಿತು, ಇಂಗ್ಲೆಂಡಿನ ಶೆಫೀಲ್ಡ್ ಹ್ಯಾಲಮ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ. ಮುಟ್ಟುವ ವಸ್ತುವಿನೊಳಗೇ ಡಿಜಿಟಲ್ಲನ್ನು ಅಡಗಿಸುವುದು ಅದರ ಗುರಿ. 2015ರಲ್ಲಿ ನೆದರ್ಲೆಂಡ್ಸಿನ ಹೇಗ್ ನಗರದ ಮ್ಯೂಸಿಯಾನ್‌ನಲ್ಲಿ ಅವರು ಒಂದು ಪ್ರದರ್ಶನಕ್ಕೆ ಕೈಹಾಕಿದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಕಡಲ ತೀರದುದ್ದಕ್ಕೂ ಕೋಟೆಸಾಲು ಕಟ್ಟುವಾಗ ಆ ನಗರದ ಲಕ್ಷಕ್ಕೂ ಹೆಚ್ಚು ಜನರನ್ನು ಮನೆಗಳಿಂದ ಎಬ್ಬಿಸಿದ ಕಥೆ ಅದು. ಬಂದವರು ಬಾಗಿಲಲ್ಲೇ ಒಂದು ಪ್ರತಿಕೃತಿ ವಸ್ತು ಆರಿಸಿಕೊಳ್ಳಬೇಕಿತ್ತು. ಅದರೊಳಗೆ ಒಂದು ಚಿಪ್. ಪ್ರದರ್ಶನದ ಪ್ರತಿ ಪೆಟ್ಟಿಗೆಯ ಮುಂದೆ ಅದನ್ನು ಇಟ್ಟರೆ, ನೀವು ಆರಿಸಿದ್ದು ಊರಿನವರ ವಸ್ತುವೋ, ಜರ್ಮನ್ ಸೈನಿಕನದೋ, ಅಧಿಕಾರಿಯದೋ ಎಂಬುದರ ಮೇಲೆ ಕಥೆ ಬದಲಾಗುತ್ತಿತ್ತು. ಒಂದೇ ಘಟನೆಗೆ ಮೂರು ಕಣ್ಣು. ಅದು ದೊಡ್ಡ ವಿಷಯ, ಗೌರವದಿಂದಲೇ ಹೇಳುತ್ತೇನೆ. ಆದರೂ ಕೈಯಲ್ಲಿರುವ ವಸ್ತು ಅಲ್ಲಿ ಬೀಗದ ಕೈ ಮಾತ್ರ. ಅದನ್ನು ಇಡುವುದು ಯುದ್ಧಕಾಲದಲ್ಲಿ ಯಾರೂ ಮಾಡಿದ ಕೆಲಸವಲ್ಲ. ಅದೇ ವಿಶ್ವವಿದ್ಯಾಲಯದವರು ಇಂಗ್ಲೆಂಡಿನ ಉತ್ತರದಲ್ಲಿ, ಹೇಡ್ರಿಯನ್ ಗೋಡೆಯ ಚೆಸ್ಟರ್ಸ್ ಎಂಬ ರೋಮನ್ ಕೋಟೆಯ ಮ್ಯೂಸಿಯಂನಲ್ಲಿ ಮಾಡಿದ್ದು ಇದಕ್ಕಿಂತ ಮುಂದೆ ಹೋಯಿತು. ಅಲ್ಲಿ ಗಡಿಕಾವಲಿನ ಸೈನಿಕರು ಪೂಜಿಸಿದ ದೇವತೆಗಳ ಕಲ್ಲುಗಳಿವೆ. ಬಂದವರ ಕೈಗೆ ರೋಮನ್ ಹಣತೆಯ ಪ್ರತಿಕೃತಿ ಕೊಟ್ಟು, ಯಾವ ದೇವತೆಯ ಮುಂದೆ ಅದನ್ನು ಇಡುತ್ತೀರಿ ಎಂದು ಬಿಟ್ಟರು. ಊರಿನಿಂದ ದೂರ ಬಂದ ಸೈನಿಕ ಆ ಕಲ್ಲಿನ ಮುಂದೆ ಮಾಡುತ್ತಿದ್ದುದು ಅದನ್ನೇ, ಯಾರ ಮೊರೆ ಹೋಗಲಿ ಎಂದು ಆರಿಸಿಕೊಂಡು ಕಾಣಿಕೆ ಇಡುವುದು. ಚಿಪ್ ಎರಡು ಕಡೆಯೂ ಒಂದೇ ಬಗೆಯ ಕೆಲಸ ಮಾಡುತ್ತದೆ. ಮೊದಲನೆಯದರಲ್ಲಿ ಕೈ ಕಥೆಯನ್ನು ತೆರೆಯುತ್ತದೆ, ಎರಡನೆಯದರಲ್ಲಿ ಕೈಯ ಕೆಲಸವೇ ಕಥೆ.

ಮೇಷ್ಟ್ರು: ರೋಮನ್ ದೇವತೆಗಳಿಗೆ ಇವತ್ತು ಭಕ್ತರಿಲ್ಲಮ್ಮ. ಹಾಗಾಗಿ ಅಲ್ಲಿ ಹಣತೆ ಇಡುವುದು ಒಂದು ಕಲಿಕೆ. ನಮ್ಮಲ್ಲಿ ಹಾಗಲ್ಲ. ಹೊಲದ ಬದುವಿನಲ್ಲಿ ನಿಂತ ವೀರಗಲ್ಲಿಗೂ ಅರಿಶಿನ ಕುಂಕುಮ ಬೀಳುತ್ತದೆ, ಎಣ್ಣೆ ಬೀಳುತ್ತದೆ. ನೋಡುವವರಿಗೆ ಅದು ಪ್ರದರ್ಶನದ ವಸ್ತುವಲ್ಲ, ದೇವರು. ಪೂಜೆಯನ್ನು ಅನುಭವ ಎಂದು ವಿನ್ಯಾಸ ಮಾಡಿ ಮಾರುವುದಕ್ಕೆ ನಾನು ಒಪ್ಪಲಾರೆ.

ಶಿಷ್ಯೆ: ನಾನೂ ಒಪ್ಪಲಾರೆ. ನಾನು ಇಟ್ಟುಕೊಂಡ ಅಳತೆಗೋಲೇ ಅದನ್ನು ತಡೆಯುತ್ತದೆ, ನೋಡಿ. ಹಂಪಿಯ ವಿರೂಪಾಕ್ಷನ ಗುಡಿಯಲ್ಲಿ ಇವತ್ತಿಗೂ ಗಂಟೆ ಬಾರಿಸುತ್ತಾರೆ, ದೀಪ ಹಚ್ಚುತ್ತಾರೆ, ತೇರು ಎಳೆಯುತ್ತಾರೆ. ಅಲ್ಲಿ ಕೈಯ ಕೆಲಸ ಕಳೆದಿಲ್ಲ. ಹಾಗಾಗಿ ಅಲ್ಲಿಗೆ ವಿನ್ಯಾಸಗಾರರು ಹೋಗಬೇಕಾಗಿಲ್ಲ, ಹೆಚ್ಚೆಂದರೆ ಚಪ್ಪಲಿ ಇಡುವ ಜಾಗ, ನೆರಳು, ಕುಡಿಯುವ ನೀರು ಸರಿಯಾಗಿದೆಯೇ ನೋಡಲಿ. ವಿಠ್ಠಲನ ಗುಡಿಯಲ್ಲಿ ಪೂಜೆ ನಿಂತು ಶತಮಾನಗಳಾದವು, ಗರ್ಭಗುಡಿ ಖಾಲಿ, ಕಂಬ ಮೌನ. ಅಲ್ಲಿ ಹಿಂದಕ್ಕೆ ಕೊಡುವುದಕ್ಕೆ ಏನೋ ಇದೆ, ಅದೂ ಪೂಜೆಯಲ್ಲ, ನಾದ. ಬದುವಿನ ವೀರಗಲ್ಲು ಪೂಜೆಯಲ್ಲಿದ್ದರೆ ಅದನ್ನೂ ಅದರ ಪಾಡಿಗೆ ಬಿಡೋಣ. ಆದರೆ ಮುಟ್ಟುವುದಕ್ಕೂ ಗೌರವಕ್ಕೂ ಹಗೆತನವಿಲ್ಲ ಎಂದು ಮಾತ್ರ ಸೇರಿಸುತ್ತೇನೆ. 2019ರ ಫೆಬ್ರವರಿಯಲ್ಲಿ ಹಂಪಿಯಲ್ಲಿ ಕೆಲವು ಯುವಕರು ಕಂಬಗಳನ್ನು ತಳ್ಳಿ ಉರುಳಿಸಿದ ವಿಡಿಯೊ ಹರಿದಾಡಿತಲ್ಲ, ಆಗ ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿದ್ದಲ್ಲದೆ ಅವರಿಂದಲೇ ಆ ಕಂಬಗಳನ್ನು ಎತ್ತಿ ನಿಲ್ಲಿಸುವಂತೆ ಮಾಡಿತು. ದಂಡ ಕಟ್ಟಿ ಮರೆಯಬಹುದು, ಕಂಬದ ಭಾರವನ್ನು ತೋಳು ಮರೆಯುವುದಿಲ್ಲ. ಆ ತೀರ್ಪಿನಲ್ಲಿ ನಮ್ಮ ಮ್ಯೂಸಿಯಂಗಳು ಕಲಿಯಬೇಕಾದದ್ದು ಇದೆ ಎಂದು ನನ್ನ ಭಾವನೆ.

ಮೇಷ್ಟ್ರು: ಸರಿ, ಶಾಸನ ಓದುವ ನನ್ನ ಹೊಲಕ್ಕೇ ಬಾ. ಶಾಸನದ ಕಲ್ಲಿನಿಂದ ಯಾವ ಕೆಲಸ ಕಳೆದಿದೆ? ಅದು ಓದುವುದಕ್ಕಾಗಿ ಆದದ್ದು, ಇವತ್ತಿಗೂ ನಾವು ಓದುತ್ತೇವೆ.

ಶಿಷ್ಯೆ: ನೀವು ಓದುತ್ತೀರಿ, ಮೇಷ್ಟ್ರೇ. ಮಿಕ್ಕವರಿಗೆ ಅದು ಗೀರು ಬಿದ್ದ ಕಲ್ಲು. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಸಿಕ್ಕಿದ ಕಿತ್ತಯ್ಯನ ಶಾಸನ ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಹೆಬ್ಬಾಳಕ್ಕಾಗಿ ಹೋರಾಡಿ ಸತ್ತವನ ಹೆಸರೂ ಊರಿನ ಹಳೆಯ ಹೆಸರೂ ಅದರಲ್ಲಿವೆ. ದಿನವೂ ಹೆಬ್ಬಾಳದ ಮೇಲ್ಸೇತುವೆಯ ಸಂದಣಿಯಲ್ಲಿ ಸಿಕ್ಕಿಕೊಳ್ಳುವ ಎಷ್ಟು ಜನರಿಗೆ ಅದು ತಮ್ಮ ಊರಿನ ಕಾಗದ ಎಂದು ಗೊತ್ತು? ಅದರ ಮುಂದೆ ನಿಂತರೂ ಹೊಸಬರ ಕಣ್ಣಿಗೆ ಅಕ್ಷರ ಎದ್ದು ಬರುವುದಿಲ್ಲ. ನೀವು ಹೇಗೆ ಓದುತ್ತೀರಿ? ನಡುಮಧ್ಯಾಹ್ನ ಓದುವುದಿಲ್ಲ, ಬೆಳಕು ಓರೆಯಾಗಿ ಬೀಳುವ ಹೊತ್ತಿಗೆ ಕಾಯುತ್ತೀರಿ. ಇಲ್ಲವಾದರೆ ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ಬಡಿದು ಕಾಗದವನ್ನು ಅಕ್ಷರದ ಗುಳಿಗೆ ಇಳಿಸಿ, ಮೇಲೆ ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತೀರಿ. ಬೆರಳಿನಿಂದ ಸವರಿ ಇದು ಗೀರೋ ಗೆರೆಯೋ ಎಂದು ತೀರ್ಮಾನಿಸುತ್ತೀರಿ. ಓದು ಅಂದರೆ ಬೆಳಕು, ಕೈ, ತಾಳ್ಮೆ ಸೇರಿದ ಕೆಲಸ. ಮ್ಯೂಸಿಯಂ ಓದಿನ ಫಲವನ್ನು ಮಾತ್ರ ಫಲಕದಲ್ಲಿ ಅಚ್ಚು ಹಾಕುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದೆ. ಅಕ್ಷರದ ಗುಳಿಯ ಆಳವೂ ದಾಖಲಾಗುವಷ್ಟು ಸೂಕ್ಷ್ಮವಾಗಿ, ಯಾರು ಬೇಕಾದರೂ ನೋಡುವಂತೆ. ಒಂದೊಂದು ಅಕ್ಷರದ ಚಿತ್ರ ಹುಡುಕಿ ತೆಗೆಯಲು ‘ಅಕ್ಷರ ಭಂಡಾರ’ವನ್ನೂ ಮಾಡಿದ್ದಾರೆ. ಶಾಸನಗಳನ್ನು ಪಟ್ಟಿಮಾಡಿದ ಬಿ.ಎಲ್. ರೈಸ್ ಕಾಲದ ದಾಖಲೆಯಲ್ಲಿದ್ದ ಎಷ್ಟೋ ಕಲ್ಲುಗಳು ನಗರ ಬೆಳೆಯುವಾಗ ಕಣ್ಮರೆಯಾದ ಮೇಲೆ ಈ ಕೆಲಸದ ಬೆಲೆ ದೊಡ್ಡದು. ನನ್ನ ಆಸೆ ಅದರ ಮುಂದಿನ ಹೆಜ್ಜೆ. ಆ ಸ್ಕ್ಯಾನಿನಿಂದ ಒಂದು ಶಾಸನವನ್ನು ಮೂಲದ ಅಳತೆಯಲ್ಲೇ ಕಲ್ಲಿನಲ್ಲಿ ಕೊರೆಸಿ, ಮಬ್ಬು ಕೋಣೆಯಲ್ಲಿ ನಿಲ್ಲಿಸಬೇಕು. ಅದರ ಸುತ್ತ ಕಂಬಿಯ ಮೇಲೆ ಸರಿಯುವ ಒಂದು ದೀಪ. ಬಂದವರು ದೀಪ ಸರಿಸುತ್ತಾರೆ. ನೇರ ಬೆಳಕಿನಲ್ಲಿ ಏನೂ ಕಾಣುವುದಿಲ್ಲ, ಓರೆಯಾದಂತೆ ಸಾಲುಗಳು ಒಂದೊಂದಾಗಿ ಏಳುತ್ತವೆ. ಅಕ್ಷರದ ಮೇಲೆ ಬೆರಳಿಟ್ಟರೆ ಅದರ ಓದು ಕೇಳಿಸುತ್ತದೆ, ಮೊದಲು ಹಳಗನ್ನಡದಲ್ಲಿ, ಆಮೇಲೆ ಇವತ್ತಿನ ಮಾತಿನಲ್ಲಿ. ಪರದೆಯೇ ಇಲ್ಲ. ಹತ್ತು ನಿಮಿಷ ಹಾಗೆ ದೀಪ ಸರಿಸಿದವರು ಬೀದಿಬದಿಯ ಶಾಸನದ ಮುಂದೆ ಮೊದಲು ಕೇಳುವುದು ‘ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ’ ಎಂದು. ಯಂತ್ರ ಇಲ್ಲದ ಕಡೆಯೂ ಅವರು ಓದುಗರಾಗಿರುತ್ತಾರೆ.

ಮೇಷ್ಟ್ರು: ಇದು ಆಗಬೇಕು. ದೀಪದ ವಿಷಯ ನೀನು ಹೇಳಿದ್ದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿತು. ಆದರೆ ಕಂಬ, ಕಲ್ಲು, ಹಣತೆ ಎಲ್ಲವೂ ಕೈಗೆ ಸಿಗುವ ಗಾತ್ರದವು. ಊರಿಗೆ ಊರೇ ಹೋಗಿದ್ದರೆ ಏನು ಮಾಡುತ್ತೀಯ? ಹಂಪಿಯಲ್ಲಿ ಅರಮನೆಗಳ ಕಲ್ಲಿನ ಜಗಲಿ ಮಾತ್ರ ಉಳಿದಿದೆ. ಮೇಲಿನ ಮರದ ಕಟ್ಟಡ ಪೂರ್ತಿ ಸುಟ್ಟುಹೋಯಿತು, ಇಲ್ಲವೇ ಕುಸಿಯಿತು. ಅಲ್ಲಿಗೆ ಬಂದವರಿಗೆ ಹಿಂದಿನ ವೈಭವ ತೋರಿಸಬೇಕು ಎಂಬ ಆಸೆ ಎಲ್ಲರಿಗೂ ಇದೆ. ಕಂಪ್ಯೂಟರಿನಲ್ಲಿ ಚಿನ್ನದ ಶಿಖರ ಕಟ್ಟುವುದು ಸುಲಭ. ಒಮ್ಮೆ ಕಟ್ಟಿ ತೋರಿಸಿದರೆ ಮುಂದಿನ ತಲೆಮಾರಿಗೆ ಅದೇ ಇತಿಹಾಸ.

ಶಿಷ್ಯೆ: ನೀವು ಹೇಳಿದ ಸಾವಿರ ಮಾತಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಸುತ್ತಲೂ ಆವರಿಸುವ ಚಿತ್ರಕ್ಕೆ ಶಕ್ತಿ ಇದೆ. ಹಂಪಿಯನ್ನೇ ಇಟ್ಟುಕೊಂಡು ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಷಾ 2006ರಲ್ಲಿ ‘ಪ್ಲೇಸ್ ಹಂಪಿ’ ಮಾಡಿದರು. ತಿರುಗುವ ಜಗಲಿಯ ಮೇಲೆ ನಿಂತು, ಸುತ್ತಲಿನ ದುಂಡು ಪರದೆಯಲ್ಲಿ ಆ ಬಂಡೆಗಳ ನಾಡನ್ನು ಆಳ ಕಾಣುವಂತೆ ನೋಡುವ ಕೃತಿ. ಮುಂದೆ ಅದು ತೋರಣಗಲ್ಲಿನ ಕಲಾಧಾಮದಲ್ಲೂ ನೆಲೆನಿಂತಿತು. ಅವರು ಕಳೆದ ಅರಮನೆಗಳನ್ನು ಕಟ್ಟಲು ಹೋಗಲಿಲ್ಲ. ಇರುವ ಬಂಡೆ, ಇರುವ ಮಂಟಪಗಳ ಚಿತ್ರವನ್ನೇ ತೆಗೆದು, ಅದರೊಳಗೆ ಕಿಷ್ಕಿಂಧೆಯ ನೆನಪಿನ ದೇವತೆಗಳನ್ನು, ಹನುಮನನ್ನು ಓಡಾಡಿಸಿದರು. ಪುರಾಣ ಪುರಾಣವಾಗಿಯೇ ಕಾಣುತ್ತದೆ, ಕಲ್ಲು ಕಲ್ಲಾಗಿ. ನೋಡುವವರಿಗೆ ಗೊಂದಲವಿಲ್ಲ. ಅರಮನೆಯ ಮಾತಿಗೆ ಬಂದರೆ, ನೂರು ಕಂಬಗಳ ಸಭಾಂಗಣದ ಜಗಲಿಯ ಮೇಲೆ ಮರದ ಕಂಬ ನಿಂತಿದ್ದ ಗುರುತುಗಳು ಇವತ್ತಿಗೂ ಇವೆ. ಕಂಬ ಎಲ್ಲಿತ್ತು ಎಂಬುದು ಖಚಿತ. ಎಷ್ಟು ಎತ್ತರವಿತ್ತು, ಮೇಲೆ ಏನಿತ್ತು ಎಂಬುದು ಊಹೆ. ಪರಂಪರೆಯನ್ನು ಕಂಪ್ಯೂಟರಿನಲ್ಲಿ ಮರುಕಟ್ಟುವವರಿಗಾಗಿ ಬಂದ 2006ರ ಲಂಡನ್ ಸನ್ನದು, 2011ರ ಸೆವಿಲ್ ತತ್ತ್ವಗಳು ಹೇಳುವುದೇ ಇದನ್ನು: ಯಾವುದಕ್ಕೆ ಆಧಾರ ಇದೆ, ಯಾವುದು ಊಹೆ ಎಂದು ನೋಡುವವರಿಗೆ ಕಾಣಬೇಕು. ಆದರೆ ಬಹುತೇಕ ಕಡೆ ಅದು ವರದಿಯ ಅಡಿಟಿಪ್ಪಣಿಯಲ್ಲಿ ಉಳಿಯುತ್ತದೆ. ಅನುಭವದೊಳಗೇ ಅದನ್ನು ತರಬೇಕು. ಆ ಗುರುತುಗಳ ಮೇಲೆ ಸೊಂಟದೆತ್ತರದವರೆಗೆ ಗಟ್ಟಿಯಾದ ಕಂಬ, ಅಲ್ಲಿಂದ ಮೇಲಕ್ಕೆ ಬರಿಯ ಗೆರೆ. ಬಂದವರು ಒಂದು ಹಿಡಿ ತಿರುಗಿಸಿ ಚಾವಣಿಯನ್ನು ಎತ್ತರಿಸಲಿ, ತಗ್ಗಿಸಲಿ. ಹಾಗೆ ಮಾಡುವಾಗ ಇದು ಗೊತ್ತಿಲ್ಲದ ಸಂಗತಿ ಎಂದು ಅವರ ಕೈಗೇ ತಿಳಿಯುತ್ತದೆ. ಇನ್ನೊಂದು ಮಾತು. ಹಿಂದಿನ ಪೇಟೆಯನ್ನು ಕಟ್ಟಿ ತೋರಿಸುವವರು 2011ರ ಜುಲೈಯಲ್ಲಿ ವಿರೂಪಾಕ್ಷ ಬೀದಿಯ ಸಾಲುಮಂಟಪಗಳಿಂದ ಅಂಗಡಿ, ಮನೆಗಳನ್ನು ತೆರವು ಮಾಡಿದ್ದನ್ನೂ ನೆನೆಯಬೇಕು. ಅಲ್ಲಿ ಬದುಕು ನಡೆಸಿದವರು ಹಂಪಿಯ ಕಥೆಯ ಹೊರಗಿನವರಲ್ಲ. ಹೇಗ್‌ನಲ್ಲಿ ಮೂರು ಕಣ್ಣಿನಿಂದ ಒಂದು ನಗರವನ್ನು ನೋಡುವುದಾದರೆ, ಹಂಪಿಯ ಬೀದಿಯನ್ನು ಅರಸನ ಕಣ್ಣಿನಿಂದ ಮಾತ್ರ ಯಾಕೆ ನೋಡಬೇಕು?

ಮೇಷ್ಟ್ರು: ಅದನ್ನು ಹೇಳಿದ್ದು ಒಳ್ಳೆಯದಾಯಿತು. ಆದರೆ ಇವೆಲ್ಲ ಎಷ್ಟು ದಿನ ನಡೆಯುತ್ತವೆ? ಉದ್ಘಾಟನೆಯ ದಿನ ಹೊಳೆದ ಟಚ್‌ಸ್ಕ್ರೀನು ಮರುವರ್ಷ ಕಪ್ಪಾಗಿ ನಿಂತಿರುವುದನ್ನು ನೋಡದವರು ಯಾರು? ದುರಸ್ತಿಗೆ ಹಣವಿಲ್ಲ, ಮಾಡಿದ ಕಂಪನಿ ಫೋನ್ ಎತ್ತುವುದಿಲ್ಲ.

ಶಿಷ್ಯೆ: ಅದಕ್ಕೆ ನನ್ನ ಉತ್ತರ ಅರ್ಧ ಮಾತ್ರ ಇದೆ. ಯಂತ್ರ ಕೆಟ್ಟಾಗ ಏನು ಉಳಿಯುತ್ತದೆ ಎಂದು ಮೊದಲೇ ಕೇಳಬೇಕು. ಪರದೆ ಕೆಟ್ಟರೆ ಕಪ್ಪು ಗಾಜು ಉಳಿಯುತ್ತದೆ. ಸೆನ್ಸರ್ ಕೆಟ್ಟರೂ ಕಲ್ಲಿನ ಕಂಬ ನಾದ ಮಾಡುತ್ತದೆ, ಧ್ವನಿ ನಿಂತರೂ ದೀಪ ಸರಿಸಿ ಅಕ್ಷರ ನೋಡಬಹುದು. ಹೀಗೆ ಕೆಟ್ಟಾಗಲೂ ಕೆಲಸಕ್ಕೆ ಬರುವುದನ್ನು ಮಾತ್ರ ಕಟ್ಟಬೇಕು. ಊರಿನ ಎಲೆಕ್ಟ್ರಿಷಿಯನ್ ಬಿಚ್ಚಿ ಸರಿಮಾಡಬಲ್ಲಂಥ ಭಾಗಗಳನ್ನು ಬಳಸಬೇಕು. ಉಳಿದರ್ಧ ಆಡಳಿತದ್ದು. ಕಟ್ಟುವ ಹಣದ ಜೊತೆಗೇ ನಡೆಸುವ ಹಣವನ್ನೂ ಒಬ್ಬ ಕೆಲಸಗಾರನನ್ನೂ ಕೊಡದಿದ್ದರೆ ಯಾವ ವಿನ್ಯಾಸವೂ ಉಳಿಯುವುದಿಲ್ಲ, ಅದಕ್ಕೆ ಜಾಣತನದ ಪರಿಹಾರ ನನ್ನ ಬಳಿ ಇಲ್ಲ. ಆದರೂ ಈ ಖರ್ಚನ್ನು ಶೋಕಿ ಎನ್ನುವವರು ದೆಹಲಿಯ ರಾಷ್ಟ್ರೀಯ ಮ್ಯೂಸಿಯಂನ ‘ಅನುಭವ್’ ಗ್ಯಾಲರಿಯನ್ನು ನೆನೆಯಲಿ. 2015ರಲ್ಲಿ ಅಲ್ಲಿ ಸಂಗ್ರಹದ 22 ವಸ್ತುಗಳ ಪ್ರತಿಕೃತಿಗಳನ್ನು ಮುಟ್ಟಿ ನೋಡಲು ಇಟ್ಟರು, ಬ್ರೈಲ್ ಫಲಕ ಮತ್ತು ಧ್ವನಿ ವಿವರಣೆಯ ಜೊತೆ. ಕಣ್ಣಿಲ್ಲದವರಿಗೆ ‘ಮುಟ್ಟಬೇಡಿ’ ಎನ್ನುವುದು ‘ಒಳಗೆ ಬರಬೇಡಿ’ ಎಂದಂತೆಯೇ. ತೆರಿಗೆ ಅವರೂ ಕಟ್ಟುತ್ತಾರೆ, ಪರಂಪರೆ ಅವರದೂ ಹೌದು. ನಾನು ಹೇಳಿದ ಶಾಸನದ ಕಲ್ಲು ಅವರಿಗೆ ದೀಪವಿಲ್ಲದೆಯೂ ಸಿಗುತ್ತದೆ. ಬಹುಶಃ ನಮಗಿಂತ ಚೆನ್ನಾಗಿ ಅವರು ಗೀರನ್ನೂ ಗೆರೆಯನ್ನೂ ಬೇರ್ಪಡಿಸಬಲ್ಲರು.

ಮೇಷ್ಟ್ರು: ಹಾಗಾದರೆ ಆ ಕಲ್ಲಿನ ಬಗ್ಗೆ ನನ್ನದೊಂದು ಷರತ್ತು. ಶಾಸನದಲ್ಲಿ ಮುರಿದ ಜಾಗ, ಸವೆದ ಅಕ್ಷರ ಇದ್ದೇ ಇರುತ್ತದೆ. ನಿನ್ನ ಕಲ್ಲು ಕೊರೆಯುವವನು ಅಂದವಾಗಿ ಕಾಣಲಿ ಎಂದು ಅದನ್ನು ತುಂಬಿಬಿಡುತ್ತಾನೆ. ತುಂಬಬಾರದು. ಬೆರಳು ಅಲ್ಲಿಗೆ ಬಂದಾಗ ಧ್ವನಿ ನಿಲ್ಲಬೇಕು.

ಶಿಷ್ಯೆ: ತುಂಬುವುದಿಲ್ಲ. ಆದರೆ ಧ್ವನಿ ಸುಮ್ಮನೆ ನಿಂತರೆ ಯಂತ್ರ ಕೆಟ್ಟಿದೆ ಎಂದುಕೊಂಡು ಜನ ಅದನ್ನು ಬಡಿಯುತ್ತಾರೆ. ‘ಇಲ್ಲಿ ಅಕ್ಷರ ಅಳಿದಿದೆ’ ಎಂದು ಧ್ವನಿ ಹೇಳಲಿ.

ಮೇಷ್ಟ್ರು: ಹೇಳಲಿ. ಮತ್ತೆ ಒಂದೇ ಸಾಲನ್ನು ಇಬ್ಬರು ವಿದ್ವಾಂಸರು ಬೇರೆಬೇರೆ ಓದಿದ ಕಡೆ? ಹಲ್ಮಿಡಿ ಶಾಸನದಲ್ಲೇ ಅಂಥ ಜಾಗಗಳಿವೆ. ನೀನು ಒಂದನ್ನು ಆರಿಸಿ ಇನ್ನೊಂದನ್ನು ಮುಚ್ಚಿಟ್ಟರೆ ನಾನು ಸಹಿ ಹಾಕುವುದಿಲ್ಲ.

ಶಿಷ್ಯೆ: ಎರಡನ್ನೂ ಕೇಳಿಸೋಣ, ಎರಡು ದನಿಗಳಲ್ಲಿ, ಯಾರ ಓದು ಯಾವುದೆಂದು ಹೆಸರು ಹೇಳಿ. ಆಮೇಲೆ ಬೆರಳು ಅಲ್ಲೇ ಇರಲಿ, ದೀಪ ಸರಿಸಿ ಅವರೇ ನೋಡಲಿ. ಯಾವ ಓದು ಸರಿ ಎನಿಸಿತು ಎಂದು ಬರೆದಿಡುವುದಕ್ಕೆ ಪಕ್ಕದಲ್ಲಿ ಒಂದು ಪುಸ್ತಕ, ಒಂದು ಪೆನ್ನು. ತಿಂಗಳಿಗೊಮ್ಮೆ ಅದನ್ನು ನೀವು ಬಂದು ಓದಬೇಕು, ಮೇಷ್ಟ್ರೇ. ಆ ಕೆಲಸಕ್ಕೆ ಯಂತ್ರ ಆಗುವುದಿಲ್ಲ.